ಭಾವನ ದೊಡ್ಡ ಪಿಟೀಲು, ನನ್ನ ಪುಟ್ಟ ಡಬ್ಬಿ

ಹೋದ ತಿಂಗಳು ದಾದರ್ ಸ್ಟೇಷನ್ನಿನ ಸೇತುವೆ ಇಳಿದು ಹೂವಿನ ಮಾರ್ಕೆಟ್ಟಿನ ಕಡೆ ತಿರುಗುವಾಗ ರಾಳ ಸುಟ್ಟ ವಾಸನೆ ಬಂತು. ಮೊಬೈಲ್ ರಿಪೇರಿಯವನೊಬ್ಬ ಗೂಡಂಗಡಿಯಲ್ಲಿ ಕೂತು ಬೆಸುಗೆ ಹಾಕುತ್ತಿದ್ದ. ಮೊಣಕಾಲು ನೋವಿನ ನೆಪ ಹೇಳಿ ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಜೊತೆಗಿದ್ದ ಸೊಸೆ, "ಮಮ್ಮಿ, ಟ್ಯಾಕ್ಸಿ ಬುಲಾವೂ ಕ್ಯಾ?" ಅಂತ ಗಾಬರಿಯಾದಳು. ಬೇಡ, ಐದು ನಿಮಿಷ ಸುಮ್ಮನೆ ಬಿಡು ಅಂದೆ. ನನ್ನ ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಅಂದುಕೊಂಡಳೋ ಏನೋ, ಬಾಟಲಿಯ ನೀರು ಕೊಟ್ಟಳು.

ನಮ್ಮ ಮಾಟುಂಗದ ಮನೆಯಲ್ಲಿ ಈ ವಾಸನೆ ಎರಡು ಕಡೆಯಿಂದ ಬರುತ್ತಿತ್ತು. ಭಾವ ತಮ್ಮ ವಾದ್ಯದ ಕಮಾನಿಗೆ ತಿಕ್ಕುವ ರಾಳ ಒಂದು, ನಾನು ಬೆಸುಗೆಗೆ ಸುಡುವ ರಾಳ ಇನ್ನೊಂದು. "ನನ್ನ ಸಾರಿನ ಒಗ್ಗರಣೆ ವಾಸನೆ ಈ ಮನೇಲಿ ಯಾರ ಮೂಗಿಗೂ ಬೇಡ" ಅಂತ ಲಲಿತಕ್ಕ ಸಿಡಿಮಿಡಿಗುಟ್ಟುತ್ತಿದ್ದಳು.

ಎಪ್ಪತ್ತರ ದಶಕ ಆಗಿನ್ನೂ ಶುರುವಾಗಿತ್ತು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯ ಮಾತೆತ್ತಿದವರ ಮೇಲೆಲ್ಲ ಹರಿಹಾಯ್ದು, ಅಕ್ಕನ ಮನೆಗೆ ಅಂತ ಮುಂಬಯಿಗೆ ಬಂದವಳು ನಾನು. ಕುರ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಗಣಪತಿ ಪೆಂಡಾಲುಗಳಿಗೆ ಬೇಕಾದ ಆಂಪ್ಲಿಫೈಯರುಗಳನ್ನು ಅಲ್ಲಿ ಜೋಡಿಸುತ್ತಿದ್ದರು. ಜೋಡಿಸಿದ್ದು ಸರಿಯಾಗಿ ಕೂಗುತ್ತದೋ ಇಲ್ಲವೋ ನೋಡುವುದು ನನ್ನ ಪಾಲು. ಇಡೀ ಮುಂಬಯಿಯ ಕಿವಿ ಹಾಳು ಮಾಡುವ ಪುಣ್ಯದ ಕೆಲಸ ಅಂತ ಭಾವ ರೇಗಿಸುತ್ತಿದ್ದರು.

ಶ್ರೀಕಂಠ ಭಾವ ನುಡಿಸುತ್ತಿದ್ದದ್ದು ಡಬಲ್ ಬೇಸ್. ಆಳಿಗಿಂತ ಎತ್ತರದ ವಾದ್ಯ, ನಾಲ್ಕು ತಂತಿ, ಪಕ್ಕದಲ್ಲಿ ನಿಂತು ತಬ್ಬಿಕೊಂಡೇ ನುಡಿಸಬೇಕು. ಮೈಸೂರಿನಲ್ಲಿ ಬ್ಯಾಂಡಿನಲ್ಲಿದ್ದ ಅವರಪ್ಪ ಕಲಿಸಿದ ವಿದ್ಯೆ. ನಮ್ಮ ಬಿಲ್ಡಿಂಗಿನವರ ಬಾಯಲ್ಲಿ ಅದು "ದೊಡ್ಡ ಪಿಟೀಲು". ಹಗಲು ಸಿನಿಮಾ ರೆಕಾರ್ಡಿಂಗು, ಸಂಜೆ ಫೋರ್ಟಿನ ಒಂದು ರೆಸ್ಟೊರೆಂಟಿನ ಬ್ಯಾಂಡು. ಹೀಗೆ ಹದಿನೈದು ವರ್ಷ ನಡೆದಿತ್ತು. ನಾನು ಬರುವ ಹೊತ್ತಿಗೆ ರೆಕಾರ್ಡಿಂಗಿಗೆ ಕರೆಯುವುದು ನಿಂತೇಹೋಗಿತ್ತು. ಎಲ್ಲರಿಗೂ ಬೇಸ್ ಗಿಟಾರ್ ಬೇಕಾಗಿತ್ತು. ಭುಜಕ್ಕೆ ನೇತುಹಾಕಿಕೊಂಡು ಬರಬಹುದು, ಕರೆಂಟಿಗೆ ಚುಚ್ಚಿದರೆ ಗೋಡೆ ನಡುಗುತ್ತದೆ. ಭಾವನ ಕೈಯಲ್ಲಿ ಉಳಿದದ್ದು ಆ ರೆಸ್ಟೊರೆಂಟ್ ಒಂದೇ.

ಆ ವರ್ಷದ ಮಳೆಗಾಲದ ಶುರುವಿನಲ್ಲಿ ಅಲ್ಲಿಗೂ ಎಲೆಕ್ಟ್ರಿಕ್ ಗಿಟಾರಿನವನೊಬ್ಬ ಬಂದ. ಅವನ ಹಿಂದೆಯೇ, ಹಳೆಯ ಡ್ರಮ್ಮರನ ಜಾಗಕ್ಕೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುವ ಹೊಸಬನೊಬ್ಬ. ಬ್ಯಾಂಡಿನ ಯಜಮಾನ ಮೆಲ್ವಿನ್, ಪಿಯಾನೋ ನುಡಿಸುವ ಗೋವಾದ ಮನುಷ್ಯ, ಭಾವನ ಹಳೆಯ ಸ್ನೇಹಿತ. ಒಂದು ದಿನ ಅವನೇ ಮನೆಗೆ ಬಂದು ಅಕ್ಕನ ಕೈಯ ಕಾಫಿ ಕುಡಿದು, ತಲೆ ತಗ್ಗಿಸಿ ಹೇಳಿದ: "ಶ್ರೀ, ತೇರಾ ಬೇಸ್ ದಿಖ್ತಾ ಹೈ, ಸುನಾಯೀ ನಹೀ ದೇತಾ." ಕಾಣುತ್ತೆ, ಕೇಳಿಸಲ್ಲ. ದೀಪಾವಳಿಯಿಂದ ಹೊಸವರ್ಷದವರೆಗೆ ರೆಸ್ಟೊರೆಂಟಿಗೆ ಸುಗ್ಗಿ. ಅಷ್ಟರೊಳಗೆ ಬೇಸ್ ಕೇಳುವ ಹಾಗೆ ಏನಾದರೂ ಮಾಡಿಕೋ, ಇಲ್ಲವಾದರೆ ಮಾಲೀಕ ಬೇಸ್ ಗಿಟಾರಿನ ಹುಡುಗನನ್ನು ಇಟ್ಟುಕೊಳ್ಳುತ್ತಾನೆ, ನನ್ನ ಮಾತು ನಡೆಯುವುದಿಲ್ಲ ಅಂದ.

ಅವನು ಹೋದ ಮೇಲೆ ಭಾವ ನನ್ನ ಕಡೆ ತಿರುಗಿದರು. "ಪದ್ದು, ಪೆಂಡಾಲಿನ ಭಟ್ಟರ ಮಂತ್ರಾನ ಎರಡು ಮೈಲಿ ಕೇಳೋ ಹಾಗೆ ಮಾಡ್ತೀಯಲ್ಲ. ನನ್ನದನ್ನ ಎರಡು ಟೇಬಲ್ ದಾಟಿಸು ನೋಡೋಣ."

ನನಗೆ ಅಷ್ಟು ಸಾಕಾಗಿತ್ತು. ಹಡಗಿನಲ್ಲಿ ಕೆಲಸ ಮಾಡುವ ಪರಿಚಯದವನೊಬ್ಬನಿಂದ ಭಾವ ಒಂದು ಕ್ರಿಸ್ಟಲ್ ಪಿಕಪ್ ತರಿಸಿಕೊಂಡರು. ಬಟಾಣಿ ಕಾಳಿನಷ್ಟು ವಸ್ತು; ತಂತಿಗಳನ್ನು ಹೊತ್ತು ನಿಂತ ಮರದ ಕುದುರೆಯ ಕಾಲಿನಡಿ ಸಿಕ್ಕಿಸಿದರೆ ಮರದ ನಡುಕವನ್ನು ಕರೆಂಟು ಮಾಡಿ ಕೊಡುತ್ತದೆ. ಅದನ್ನು ಬ್ಯಾಂಡಿನ ಆಂಪ್ಲಿಫೈಯರಿಗೆ ನೇರ ಚುಚ್ಚಿ ನೋಡಿದೆವು. ಡಾಲ್ಡಾ ಡಬ್ಬಿಗೆ ತಂತಿ ಕಟ್ಟಿ ಮೀಟಿದ ಹಾಗೆ ಬಂತು. ಭಾವನ ಮುಖ ನೋಡಲಾಗಲಿಲ್ಲ.

ಕ್ರಿಸ್ಟಲ್ ತುಂಬ ಬಡಪಾಯಿ ಅಂತ ವಿವರಿಸಿದೆ. ಅದು ಹೇಳುವುದೇ ಪಿಸುಮಾತಿನಲ್ಲಿ. ಮುಂದಿನ ಆಂಪ್ಲಿಫೈಯರ್ ಅದರಿಂದ ಜಾಸ್ತಿ ಎಳೆದುಕೊಂಡರೆ ಮೊದಲು ಸಾಯುವುದು ಮಂದ್ರದ ಸ್ವರ, ಉಳಿಯುವುದು ಬರೀ ಕರಕರ. ಅದಕ್ಕೇ ನಡುವೆ ಒಂದು ಪ್ರಿಆಂಪ್ ಬೇಕು. ಪಿಕಪ್ಪಿನಿಂದ ಏನನ್ನೂ ಕಿತ್ತುಕೊಳ್ಳದೆ, ಅದು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಮುಂದಿನವರಿಗೆ ಗಟ್ಟಿಯಾಗಿ ಹೇಳುವಂಥದ್ದು.

"ಏನನ್ನೂ ಕಿತ್ತುಕೊಳ್ಳದೆ ಪೂರ್ತಿ ಕೇಳಿಸಿಕೊಳ್ಳೋದಾ? ಹಾಗಾದ್ರೆ ನಿಮ್ಮಕ್ಕನ ಥರ ಅಲ್ಲ ಅನ್ನು."

"ಕೇಳಿಸ್ತು" ಅಂದಳು ಅಕ್ಕ ಒಳಗಿನಿಂದ.

ಯಾವ ಪ್ರಿಆಂಪ್ ಅನ್ನುವುದರಲ್ಲಿ ಆ ಮಳೆಗಾಲ ಪೂರ್ತಿ ಹೋಯಿತು. ಬೇಸ್ ಯಾವಾಗಲೂ ರೆಸ್ಟೊರೆಂಟಿನಲ್ಲೇ ಇರುತ್ತಿತ್ತು, ಮನೆಗೆ ಬರುತ್ತಿದ್ದದ್ದು ಕಮಾನು ಮಾತ್ರ. ಈಗ ವಾರಕ್ಕೊಮ್ಮೆ ಮನೆಗೆ ತರಬೇಕಾಯಿತು. ಮೇಣಬಟ್ಟೆ ಸುತ್ತಿ, ಮಧ್ಯಾಹ್ನದ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಲ್ಲಿಸಿಕೊಂಡು ಬರುತ್ತಿದ್ದೆವು. ಅದನ್ನು ಭಾವ ತಬ್ಬಿ ಹಿಡಿದ ರೀತಿ ನೋಡಿ ಮೀನಿನವಳೊಬ್ಬಳು, "ಹೀ ತುಮಚೀ ಬಾಯಕೋ ಕಾ ಹೋ?" ಅಂತ ಕೇಳಿದಳು. ನಿಮ್ಮ ಹೆಂಡತೀನಾ ಅಂತ. ಭಾವ ಗಂಭೀರವಾಗಿ, "ಹೋ, ಪಹಿಲೀ" ಅಂದರು. ಮೊದಲನೆಯವಳು. ಡಬ್ಬಿಗೆ ಡಬ್ಬಿಯೇ ನಕ್ಕಿತು. ಅಕ್ಕನಿಗೆ ಬಂದು ಹೇಳಿದರೆ ಅವಳೂ ನಕ್ಕಳು, ಆದರೆ ಮೊದಲನೆಯವಳಿಗೆ ಸ್ನಾನ ಮಾಡಿಸದೆ ಒಳಗೆ ತರಬೇಡಿ, ಮೀನು ನಾರುತ್ತೆ ಅಂದಳು.

ಕಾರ್ಖಾನೆಯ ಟ್ರಾನ್ಸಿಸ್ಟರ್ ಪ್ರಿಆಂಪ್ ಮೈಕಿಗೆಂದು ಮಾಡಿದ್ದು. ಕ್ರಿಸ್ಟಲ್ ಮುಂದೆ ಅದು ಉಪಯೋಗಕ್ಕೆ ಬರಲಿಲ್ಲ. ಹಳೆಯ ರೇಡಿಯೋದ ವಾಲ್ವ್ ಹಾಕಿ ಇನ್ನೊಂದು ಕಟ್ಟಿದೆ. ದನಿ ತುಂಬಿಕೊಂಡು ಬಂತು, ಭಾವ ಕಣ್ಣು ಮುಚ್ಚಿ ತಲೆದೂಗಿದರು, ಮರುಕ್ಷಣ ತಂತಿಯಲ್ಲಿ ಶಾಕ್ ಹೊಡೆದು ಹಾರಿಬಿದ್ದರು. ಅದನ್ನು ಸರಿಪಡಿಸಿದರೂ ಗುಂಯ್ ಅನ್ನುವುದು ನಿಲ್ಲಲಿಲ್ಲ, ಮೇಲಾಗಿ ಅಕ್ಕ ಆ ಡಬ್ಬಿಯನ್ನು ಮನೆಯಿಂದ ಆಚೆ ಹಾಕುವವರೆಗೆ ಊಟ ಬಡಿಸಲಿಲ್ಲ. ಕಡೆಗೆ ಎಫ್‌ಇಟಿ ಅನ್ನುವ ಹೊಸ ಜಾತಿಯ ಟ್ರಾನ್ಸಿಸ್ಟರ್ ಬಂದಿದೆಯೆಂದು ಗೊತ್ತಾಗಿ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ ತಂದೆ. ಟ್ರಾನ್ಸಿಸ್ಟರ್ ಆದರೂ ವಾಲ್ವಿನ ಗುಣ. ಪಿಕಪ್ಪಿನಿಂದ ಏನನ್ನೂ ಬೇಡುವುದಿಲ್ಲ. ಸಣ್ಣ ಬ್ಯಾಟರಿಯಲ್ಲಿ ನಡೆಯುತ್ತದೆ, ಆದ್ದರಿಂದ ಗುಂಯ್ ಇಲ್ಲ. ಅಂಗೈಯಗಲದ ಅಲ್ಯುಮಿನಿಯಂ ಡಬ್ಬಿಯಲ್ಲಿ ಕೂರಿಸಿದೆ. ಮಳೆಯ ತೇವಕ್ಕೆ ಸಾಕೆಟ್ಟಿನ ಹತ್ತಿರ ಚರಚರ ಅನ್ನುತ್ತಿತ್ತು, ಅಲ್ಲಿಗೆ ಮೇಣ ಕಾಯಿಸಿ ಹುಯ್ದೆ. ಅದು ಮುಗಿಯುವ ಹೊತ್ತಿಗೆ ನವರಾತ್ರಿ ಬಂದಿತ್ತು.

ಅಕ್ಕ ಮೈಸೂರಿನಲ್ಲಿ ಚೆನ್ನಾಗಿ ಸಂಗೀತ ಕಲಿತವಳು. ಮಾಟುಂಗದ ಕೆಲವು ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಅವಳ ಶ್ರುತಿ ಅಂದರೆ ಮಾಟುಂಗದಲ್ಲಿ ಒಂದು ಹೆಸರು. ಕುಕ್ಕರ್ ಕೂಗಲಿ, ಬಸ್ಸು ಹಾರ್ನ್ ಹೊಡೆಯಲಿ, ಅವಳ ಷಡ್ಜ ಅಲ್ಲಾಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮನೆಯಲ್ಲಿ ತಂಬೂರಿ ಇರಲಿಲ್ಲವಂತೆ. ಆ ವರ್ಷ ನವರಾತ್ರಿಯ ಬೊಂಬೆ ಆರತಿಗೆ ಹೆಂಗಸರು ಬಂದಾಗ ಭಾವ ಬೇಸ್ ತಂದು, ಕಮಾನಿನಲ್ಲಿ ಉದ್ದಕ್ಕೆ ಸ್ವರ ಎಳೆದು ಅವಳಿಗೆ ಶ್ರುತಿ ಹಿಡಿದರಂತೆ. ಆಮೇಲೆ ತಂಬೂರಿ ಬಂದರೂ ಆ ರೂಢಿ ಹೋಗಲಿಲ್ಲ. ನವರಾತ್ರಿಯ ಒಂದು ಸಂಜೆ ಮಾತ್ರ ಅಕ್ಕ ಹಾಡುವುದು ಬೇಸ್ ಶ್ರುತಿಗೆ. ಆ ಸಂಜೆಗಾಗಿ ಬಿಲ್ಡಿಂಗಿನ ಹೆಂಗಸರು ಕಾಯುತ್ತಿದ್ದರು.

ಶ್ರುತಿಪೆಟ್ಟಿಗೆಯ ಲೆಕ್ಕದಲ್ಲಿ ಅಕ್ಕನದು ಐದೂವರೆ ಶ್ರುತಿ. ಅದು ಬೇಸ್‌ನ ಬರಿ ತಂತಿಗಳಲ್ಲಿ ಸಿಗುವ ಸ್ವರವಲ್ಲ, ಬೆರಳು ಒತ್ತಿಯೇ ಹಿಡಿಯಬೇಕು.

ಆ ಸಂಜೆ ನನ್ನ ಡಬ್ಬಿಗೂ ಅರಿಸಿನ ಕುಂಕುಮ ಹಚ್ಚಿ ಬೊಂಬೆಗಳ ಪಕ್ಕ ಇಟ್ಟಿದ್ದರು. ಕಾರ್ಖಾನೆಯಿಂದ ತಂದ ಸ್ಪೀಕರು ಮೂಲೆಯಲ್ಲಿತ್ತು. ಭಾವ ಕಮಾನು ಎಳೆದರು. ಮರದ ನಡುಕ, ಕಮಾನು ತಂತಿಯನ್ನು ಕಚ್ಚುವ ಸದ್ದು, ಎಲ್ಲ ಅಚ್ಚುಕಟ್ಟಾಗಿ ಕೇಳುತ್ತಿತ್ತು. ಇಷ್ಟು ವರ್ಷ ಈ ವಾದ್ಯ ಅರೆಬರೆ ಮಾತ್ರ ನಮ್ಮ ಕಿವಿಗೆ ಬಿದ್ದಿತ್ತು ಅನ್ನಿಸಿ ಹೆಮ್ಮೆಯಲ್ಲಿ ಉಬ್ಬಿಹೋದೆ.

ಅಕ್ಕ ಷಡ್ಜ ಹಿಡಿದಳು. ಹಿಡಿದವಳು ತಡೆದಳು. ಬೇಸ್‌ನ ಸ್ವರ ಅವಳ ಸ್ವರಕ್ಕಿಂತ ಒಂದು ಎಳೆ ಕೆಳಗಿತ್ತು. ಭಾವ ಈಗ ಸರಿಮಾಡಿಕೊಳ್ಳುತ್ತಾರೆ ಅಂತ ಕಾದೆ. ಅವರು ನಗುಮುಖದಲ್ಲಿ ಅಲ್ಲೇ ನಿಂತಿದ್ದರು. ಸೇರಿದೆ, ಶುರು ಮಾಡು ಅನ್ನುವ ಹಾಗೆ ತಲೆಯಾಡಿಸಿದರು. ಅಕ್ಕ ಅವರ ಮುಖವನ್ನೇ ನೋಡಿದಳು. ಆಮೇಲೆ ತನ್ನ ದನಿಯನ್ನು ಕೆಳಕ್ಕೆ, ಅವರು ಇದ್ದ ಕಡೆಗೆ ಇಳಿಸಿದಳು. ದೇವರನಾಮ ಪೂರ್ತಿ ಹಾಗೆಯೇ ಹಾಡಿದಳು. ಭಾವನ ಸ್ವರ ಒಂದೇ ಕಡೆ ನಿಂತಿರಲಿಲ್ಲ, ಅಕ್ಕ ಏರಿದಾಗಲೆಲ್ಲ ಅದು ತುಸು ಜಾರುತ್ತಿತ್ತು. ಅದು ಹೋದಲ್ಲಿಗೆಲ್ಲ ಇವಳೂ ಹೋದಳು. ಹುಟ್ಟಿದಾಗಿನಿಂದ ಅವಳ ಹಾಡು ಕೇಳಿದ ನಾನು, ಅವಳು ಶ್ರುತಿ ಬಿಟ್ಟು ಹಾಡಿದ್ದನ್ನು ಕೇಳಿದ್ದು ಅದೇ ಮೊದಲು.

ಹೆಂಗಸರು ಮುಖ ಮುಖ ನೋಡಿಕೊಂಡರು. ಹಾಡುವವಳ ತಪ್ಪು ಹಿಡಿಯುವುದು ಸುಲಭ. ಶ್ರುತಿ ಹಿಡಿದವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಎದುರು ಮನೆಯ ಅಂಬುಜಮ್ಮ, ಅವರ ಮಗಳು ಅಕ್ಕನ ಹತ್ತಿರವೇ ಕಲಿಯುತ್ತಿದ್ದವಳು, ತಾಂಬೂಲ ತಗೊಳ್ಳುತ್ತಾ, "ಲಲಿತಮ್ಮ, ಇವತ್ತು ಯಾಕೋ ನಿಮ್ಮ ಶ್ರುತೀನೇ ನಿಲ್ಲಲಿಲ್ಲವಲ್ರೀ" ಅಂದೇಬಿಟ್ಟರು.

"ಗಂಟಲು ಕಟ್ಟಿದೆ ರೀ. ನಿನ್ನೆ ಮಳೇಲಿ ನೆಂದೆ" ಅಂದಳು ಅಕ್ಕ.

ಅವರೆಲ್ಲ ಹೋದ ಮೇಲೆ ಭಾವ ಕೆಳಗೆ ಎಲೆ ಅಡಿಕೆ ತರಲು ಹೋದರು. ಅಕ್ಕ ಕೋಸಂಬರಿಯ ಪಾತ್ರೆ ತೊಳೆಯುತ್ತಿದ್ದಳು. ನಾನು ಬಾಯಿ ತೆಗೆಯುವ ಮುಂಚೆಯೇ ಅವಳು ಕೇಳಿದಳು: "ಆ ಡಬ್ಬೀನ ಸ್ವಲ್ಪ ಮಬ್ಬು ಮಾಡಕ್ಕಾಗಲ್ವೇನೆ?"

"ನಿನಗೆ ಮೊದಲೇ ಗೊತ್ತಿತ್ತಾ?"

"ಎರಡು ವರ್ಷದಿಂದ. ಕಿವಿ. ಮೇಲಿನ ಸ್ವರ ಅವರಿಗೆ ಇಳಿದು ಕೇಳ್ಸುತ್ತೆ. ಅವರಿಗೇ ಗೊತ್ತಿಲ್ಲ." ಪಾತ್ರೆ ಮಗುಚಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಹೋದ ನವರಾತ್ರೀಲೂ ಇಳಿದಿತ್ತು, ಬರೀ ಮರದ ದನಿ, ಯಾರಿಗೂ ಗೊತ್ತಾಗಲಿಲ್ಲ. ರೆಸ್ಟೊರೆಂಟಿನ ಗಲಾಟೇಲಂತೂ ಕೇಳಿಸ್ತಲೇ ಇರಲಿಲ್ಲ. ಈಗ ನೀನು ಇಷ್ಟು ಚೆನ್ನಾಗಿ ಕೇಳಿಸಿದ್ರೆ ಮೊದಲನೇ ದಿನವೇ ಮೆಲ್ವಿನ್‌ಗೆ ಗೊತ್ತಾಗುತ್ತೆ. ಪದ್ದೂ, ಅವರಿಗೆ ಬೇರೆ ಏನೂ ಬರಲ್ಲ ಕಣೇ."

ನನಗೆ ಸಿಟ್ಟು ಬಂತು. ಮೂರು ತಿಂಗಳು ಒದ್ದಾಡಿ ಕಟ್ಟಿದ್ದು ಚೆನ್ನಾಗಿದೆ, ಅದಕ್ಕೇ ಕೆಡಿಸು ಅಂತಾಳೆ. ಆದರೆ ಅವಳ ಮುಖ ನೋಡಿದ ಮೇಲೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ.

ಮಾಡಿದೆ. ಇವತ್ತು ಕೇಳಿದರೂ ಅದನ್ನೇ ಮಾಡುತ್ತೇನೆ, ನನಗೇನೂ ಪಶ್ಚಾತ್ತಾಪವಿಲ್ಲ. ಒಂದು ಕೆಪಾಸಿಟರ್ ಹೆಚ್ಚಿಗೆ ಹಾಕಿ ಸ್ವರದ ಮೇಲಿನ ಭಾಗವನ್ನೆಲ್ಲ ಕತ್ತರಿಸಿಬಿಟ್ಟೆ. ಮಂದ್ರದ ಸ್ವರ ಯಾವುದು ಅಂತ ನಮ್ಮ ಕಿವಿ ಗುರುತಿಸುವುದು ಅದರ ಮೇಲೆ ಹುಟ್ಟುವ ಸಣ್ಣ ಸಣ್ಣ ಸ್ವರಗಳಿಂದ. ಅವನ್ನು ತೆಗೆದರೆ ಉಳಿಯುವುದು ಗುಂಡಗಿನ ಒಂದು ಗುಮ್ಮು. ಎದೆಗೆ ತಾಗುತ್ತದೆ, ಯಾವ ಸ್ವರವೆಂದು ಯಾರೂ ಆಣೆ ಮಾಡಿ ಹೇಳಲಾರರು. ತೇವಕ್ಕೆ ಸ್ವಲ್ಪ ರಿಪೇರಿ ಮಾಡಿದೆ ಅಂತ ಭಾವನಿಗೆ ಹೇಳಿದೆ.

ದಸರೆ ಕಳೆದ ಭಾನುವಾರ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಅದರ ಪರೀಕ್ಷೆ. ನಾನೂ ಹೋಗಿದ್ದೆ. ರೆಸ್ಟೊರೆಂಟಿನ ಮಾಲೀಕ ಕೌಂಟರಿನಲ್ಲೇ ಕಾಲು ಕುಣಿಸಿದ. ಮೆಲ್ವಿನ್ ಪಿಯಾನೋ ಬಿಟ್ಟು ಬಂದು ಭಾವನ ಬೆನ್ನು ತಟ್ಟಿದ. "ತೇರೀ ಸಾಲೀ ತೋ ಜಾದೂಗರ್ ನಿಕಲೀ" ಅಂತ ನನ್ನನ್ನು ಹೊಗಳಿದ. ಸುಗ್ಗಿಯ ಕೆಲಸ ಭಾವನಿಗೇ ಅಂತ ಆಯಿತು. ಆ ಸಂಜೆ ಮನೆಗೆ ಬರುವಾಗ ಅವರು ಅಕ್ಕನಿಗೆ ಮಲ್ಲಿಗೆ ತಂದರು, ನನಗೆ ಒಂದು ಒಳ್ಳೆಯ ಕಟಿಂಗ್ ಪ್ಲೈಯರ್. ಊಟಕ್ಕೆ ಕೂತಾಗ ಮಾತ್ರ, "ಎಲ್ಲ ಸರಿ, ಆದ್ರೆ ಏನೋ ಕಂಬಳಿ ಹೊದೆಸಿದ ಹಾಗಿದೆ ಪದ್ದು. ನವರಾತ್ರೀಲಿ ಎಷ್ಟು ಚೆನ್ನಾಗಿತ್ತು" ಅಂದರು. ಅಕ್ಕ ಇನ್ನೊಂದು ಸೌಟು ಹುಳಿ ಬಡಿಸಿದಳು.

ಅದರ ಮುಂದಿನ ವಾರ ಅಂಬುಜಮ್ಮ ಮಗಳನ್ನು ಪಾಠದಿಂದ ಬಿಡಿಸಿದರು. ಸ್ಕೂಲಿನ ಓದು ಜಾಸ್ತಿಯಾಯಿತು ಅಂತ ಹೇಳಿಕಳಿಸಿದರು. ಆದರೆ ಅದೇ ಹುಡುಗಿ ಪಕ್ಕದ ರಸ್ತೆಯಲ್ಲಿ ಬೇರೆಯವರ ಹತ್ತಿರ ಕಲಿಯಲು ಹೋಗುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಅವಳ ಹಿಂದೆ ಇನ್ನೂ ಇಬ್ಬರು ಬಿಟ್ಟರು. ಅಕ್ಕ ಯಾರ ಹತ್ತಿರವೂ ಏನೂ ಹೇಳಲಿಲ್ಲ. ಬೆಳಗಿನ ಹೊತ್ತು ಒಬ್ಬಳೇ ಕೂತು ಹಾಡಿಕೊಳ್ಳುತ್ತಿದ್ದಳು, ಸ್ಫಟಿಕದಂಥ ಶ್ರುತಿಯಲ್ಲಿ, ಬಾಗಿಲು ಹಾಕಿಕೊಂಡು. ಬಾಗಿಲು ತೆಗೆದು ಹಾಡೇ, ಅವರೆಲ್ಲ ಕೇಳಲಿ ಅಂತ ನಾನು ರೇಗಿದರೆ, "ಆಗ ಆವತ್ತು ತಪ್ಪಿದ್ದು ಯಾರು ಅಂತ ಕೇಳಲ್ವಾ?" ಅಂದಳು.

ದೀಪಾವಳಿಗೆ ಇನ್ನೇನು ಬಂತು ಅನ್ನುವಾಗ, ಒಂದು ಶನಿವಾರ ಮಧ್ಯಾಹ್ನ, ಭಾವ ಹೇಳದೆ ಕೇಳದೆ ಕುರ್ಲಾದ ಕಾರ್ಖಾನೆಗೆ ಬೇಸ್, ಡಬ್ಬಿ ಸಮೇತ ಬಂದುಬಿಟ್ಟರು. ಶನಿವಾರ ಅರ್ಧ ದಿನ, ಬೇರೆಯವರೆಲ್ಲ ಹೋಗಿಯಾಗಿತ್ತು. "ಇವತ್ತು ಈ ಕಂಬಳಿ ತೆಗೆದೇ ಹೋಗೋದು" ಅಂತ ಸ್ಟೂಲು ಎಳೆದುಕೊಂಡರು. ನಾನು ಸಬೂಬು ಹೇಳುತ್ತಿರುವಾಗಲೇ ಅವರ ಕಣ್ಣು ನನ್ನ ಮೇಜಿನ ಮೇಲಿನ ಸ್ಕೋಪಿನ ಮೇಲೆ ಬಿತ್ತು. ಸಿಗ್ನಲನ್ನು ಹಸಿರು ಗೆರೆಯಾಗಿ ತೋರಿಸುವ ಪರದೆ. ಅದರ ಪಕ್ಕದಲ್ಲಿ, ಬೇಕಾದ ಸ್ವರವನ್ನು ಕದಲದ ಹಾಗೆ ಕೊಡುವ ಆಸಿಲೇಟರ್. ಇದೇನು ಅದೇನು ಅಂತ ಶುರುವಾಯಿತು. ಒಂದು ಸ್ಥಾಯಿ ಮೇಲೆ ಕೆಳಗಿನ ಎರಡು ಸ್ವರ ಸರಿಯಾಗಿ ಸೇರಿದರೆ ಪರದೆಯ ಮೇಲೆ ಇಂಗ್ಲಿಷಿನ ಎಂಟರ ಅಂಕಿಯಂಥ ಗೆರೆ ನಿಲ್ಲುತ್ತದೆ, ಸೇರದಿದ್ದರೆ ಹೊರಳುತ್ತಲೇ ಇರುತ್ತದೆ ಅಂತ ಹೇಳಿದ ಮೇಲೆ ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು.

"ಹಾಕು ನೋಡೋಣ. ನಿಮ್ಮಕ್ಕನ ಐದೂವರೆ ಹಾಕು."

ಸ್ವರ ಹಾಕಿದೆ. ಭಾವ ತಲೆ ಬಾಗಿಸಿ, ಕಮಾನು ಎಳೆದು, ಬೆರಳನ್ನು ಅತ್ತಿತ್ತ ಸರಿಸಿ, "ಹ್ಞಾ, ಸೇರ್ತು" ಅಂದರು. ಪರದೆಯ ಮೇಲೆ ಎಂಟು ಮಗ್ಗುಲಾಗುತ್ತ, ಮಡಚಿಕೊಳ್ಳುತ್ತ, ಹೊರಳುತ್ತಲೇ ಇತ್ತು. ಮೇಲಿನ ಸ್ವರಗಳನ್ನೆಲ್ಲ ಕತ್ತರಿಸಿದ್ದರಿಂದಲೇ ಗೆರೆ ಅಷ್ಟು ನುಣುಪಾಗಿ ಬಂದಿತ್ತು. ಅವರಿಂದ ಮುಚ್ಚಿಡಲು ಮಾಡಿದ ಡಬ್ಬಿಯೇ ಅವರಿಗೆ ಎಲ್ಲವನ್ನೂ ಬಿಡಿಸಿ ತೋರಿಸುತ್ತಿತ್ತು.

"ನಿನ್ನ ಮಿಷನ್ ಕೆಟ್ಟಿದೆ ಕಣಮ್ಮ."

ಅವರು ಪರದೆಯನ್ನೇ ನೋಡುತ್ತ ಬೆರಳು ಸರಿಸಿದರು. ಹೊರಳುವುದು ನಿಧಾನವಾಯಿತು. ಇನ್ನೊಂದು ಚೂರು ಸರಿಸಿದರು. ಎಂಟು ನಿಂತಿತು.

"ಈಗ ಅಪಸ್ವರ" ಅಂದರು ಮುಖ ಕಿವುಚಿ.

"ಈಗಲೇ ಸರಿ ಇರೋದು, ಭಾವ."

ಕಮಾನು ಇಳಿಸಿದರು. ಹೊರಗೆ ಲೋಕಲ್ ಒಂದು ಹೋಯಿತು. ಆಮೇಲೆ ಕೇಳಿದ್ದು ತಮ್ಮ ಕಿವಿಯ ವಿಷಯವಲ್ಲ. "ಬೊಂ‌ಬೆ ಆರತಿ ದಿವಸ ಲಲಿತ ಇಳಿಸಿ ಹಾಡಿದ್ಲಾ?"

ತಲೆಯಾಡಿಸಿದೆ.

"ಅಂಬುಜಮ್ಮ ಮಗಳನ್ನ ಬಿಡಿಸಿದ್ದು ಅದಕ್ಕಾ?"

ಅದಕ್ಕೂ ತಲೆಯಾಡಿಸಿದೆ. ಭಾವ ಬೇಸನ್ನು ನಿಧಾನವಾಗಿ ನೆಲಕ್ಕೆ ಮಲಗಿಸಿ, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ದೊಡ್ಡವರು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ಆಸಿಲೇಟರ್ ಆಫ್ ಮಾಡಿದೆ. ಆ ಸ್ವರ ಅಷ್ಟು ಹೊತ್ತೂ ಕೂಗುತ್ತಲೇ ಇತ್ತು.

ಕಿವಿಯ ಡಾಕ್ಟರು ನೋಡಿ, ಡ್ರಮ್ಮಿನ ತಾಳದ ತಟ್ಟೆಗಳ ಪಕ್ಕ ವರ್ಷಗಟ್ಟಲೆ ನಿಂತವರಿಗೆ ಹೀಗಾಗುತ್ತದೆ, ಹೋದದ್ದು ಬರುವುದಿಲ್ಲ ಅಂದರು. ಮೆಲ್ವಿನ್‌ಗೆ ಭಾವ ತಾವೇ ಹೋಗಿ ಹೇಳಿದರು. ಸುಗ್ಗಿ ಮುಗಿಯುವವರೆಗಾದರೂ ಇರು, ಈ ಡಬ್ಬಿ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಅವನು ಗೋಗರೆದನಂತೆ. ಗೊತ್ತಾಗದ ಹಾಗೆ ನುಡಿಸಿದ್ದು ಸಾಕು ಅಂದು ಬಂದರು. ಬೇಸ್ ಗಿಟಾರಿನ ಹೊಸಬನಿಗೆ ಬ್ಯಾಂಡಿನ ಹಾಡುಗಳನ್ನೆಲ್ಲ ಕೂತು ಹೇಳಿಕೊಟ್ಟರು. ಆಮೇಲೆ ಬಹಳ ವರ್ಷ ಫೋರ್ಟಿನ ಒಂದು ವಾದ್ಯದ ಅಂಗಡಿಯಲ್ಲಿ ತಂತಿ, ಕಮಾನು ಮಾರುತ್ತ ಕೂತರು. ನಾನು ಮದುವೆಯಾಗಿ ಥಾಣೆಗೆ ಹೋದೆ. ಈಗ ಇಬ್ಬರೂ ಇಲ್ಲ. ಭಾವ ಹೋದ ಮೇಲೆ ಅಕ್ಕ ಎರಡು ವರ್ಷವೂ ಉಳಿಯಲಿಲ್ಲ. ಅವರಿಬ್ಬರ ವಿಷಯ ಮಾತಾಡಲು ನನಗೆ ಈ ಊರಿನಲ್ಲಿ ಈಗ ಯಾರೂ ಇಲ್ಲ, ಅದೇ ದುಃಖ.

ಬೇಸ್ ಮನೆ ಬಿಟ್ಟದ್ದು ಆ ದೀಪಾವಳಿಯ ಮಾರನೆಯ ವಾರ. ಬೈಕುಲಾದ ಒಂದು ಸ್ಕೂಲಿನವರು ತಮ್ಮ ಬ್ಯಾಂಡಿಗೆ ಬೇಕೆಂದಿದ್ದರು, ಹತ್ತು ಗಂಟೆಗೆ ಟೆಂಪೋ ಬರುವುದಿತ್ತು. ಬೆಳಿಗ್ಗೆ ಸ್ನಾನ ಮಾಡಿ ಬಂದ ಭಾವ, ಅಕ್ಕ ಹಾಡಲು ಕೂತ ಕಡೆಗೆ ಬೇಸ್ ಎತ್ತಿಕೊಂಡು ಹೋದರು. ಡಬ್ಬಿಯಿಲ್ಲ, ಸ್ಪೀಕರಿಲ್ಲ. ಮುಂಬಾಗಿಲನ್ನು ತಾವೇ ಹಾರುಹೊಡೆದು ತೆಗೆದಿಟ್ಟರು.

"ಲಲಿತ, ನಿನ್ನ ಶ್ರುತೀಲಿ ಹಾಡು. ನಾನು ಬರ್ತೀನಿ ನೀನಿದ್ದ ಕಡೆಗೆ. ಎಲ್ಲಿ ನಿಲ್ಲಬೇಕು ಅಂತ ನೀನು ತೋರಿಸು."

"ಬೇಡೀಂದ್ರೆ" ಅಂದಳು ಅಕ್ಕ.

"ತೋರಿಸು."

ಅಕ್ಕ ಷಡ್ಜ ಹಿಡಿದಳು. ತೆರೆದ ಬಾಗಿಲಿನಿಂದ ಅದು ಕಾರಿಡಾರಿಗೆ ಹೋಯಿತು. ಎದುರು ಮನೆಯಲ್ಲಿ ರುಬ್ಬುವ ಸದ್ದು ನಿಂತಿತು. ಭಾವ ಕಮಾನು ಎಳೆದರು, ಎಂದಿನಂತೆ ಒಂದು ಎಳೆ ಕೆಳಗೆ. ಅಕ್ಕ ದನಿ ಬಿಡದೆ, ತೊಡೆಯ ಮೇಲಿದ್ದ ಬಲಗೈ ಎತ್ತಿ, ಅಂಗೈಯನ್ನು ತುಸು ಮೇಲೆ ಆಡಿಸಿದಳು. ಭಾವನ ಬೆರಳು ತಂತಿಯ ಮೇಲೆ ಕೆಳಗೆ ಜಾರಿತು. ಬೇಸ್‌ನಲ್ಲಿ ಸ್ವರ ಏರಬೇಕಾದರೆ ಕೈ ಇಳಿಯಬೇಕು. ಇನ್ನೂ ಮೇಲೆ ಅಂತ ಅಂಗೈ. ಇನ್ನೊಂದು ಚೂರು ಜಾರಿದ ಬೆರಳು. ಅವರು ಕಿವಿಗೊಟ್ಟಿರಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದರು. ಅಂಗೈ ನಿಂತಿತು.

ಎರಡು ಸ್ವರವೂ ಒಂದಾದವು. ನನಗೆ ಕೇಳಿತು, ಅಕ್ಕನಿಗೆ ಕೇಳಿತು, ಬಾಗಿಲಿಗೆ ಬಂದು ನಿಂತ ಅಂಬುಜಮ್ಮನಿಗೂ ಕೇಳಿತು. ಭಾವನ ಕಿವಿಗೆ ಮಾತ್ರ ಅದು ಅಪಸ್ವರವಾಗಿಯೇ ಬಿದ್ದಿರಬೇಕು, ಹಣೆ ಗಂಟಿಕ್ಕಿತ್ತು. ಅಕ್ಕ ಹಾಡಿ ಮುಗಿಸುವವರೆಗೂ ಬೆರಳನ್ನು ಕದಲಿಸಲಿಲ್ಲ.